ಶುಕ್ರವಾರದ ಬಸ್ಸು

ಚಾರ್ಮಾಡಿ
9 ಫೆಬ್ರವರಿ 2025

ಪ್ರೀತಿಯ ಉಪ್ಪನಿಗೆ ಸಾಲಿಹಾ ಮಾಡುವ ಸಲಾಂ.

ಮೊನ್ನೆ ಫೋನಿನಲ್ಲಿ ನಾನು ಕೂಗಿ ಹೇಳಿದ್ದೆಲ್ಲ ಪಕ್ಕದ ಮನೆಯ ಧರ್ಣಪ್ಪಣ್ಣನಿಗೆ ಸರಿಯಾಗಿ ಕೇಳಿಸಿದೆ, ನಿಮಗೆ ಮಾತ್ರ ಕೇಳಿಸಲಿಲ್ಲ. ಕಿವಿಯ ಯಂತ್ರ ಸಿಳ್ಳೆ ಹೊಡೆಯುತ್ತದೆ ಎಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೀರಂತೆ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಅಕ್ಷರ ಸಣ್ಣದು ಎನ್ನುತ್ತೀರಿ. ಹಾಗಾಗಿ ಮಗಳು ಫರ್ಹಾನಳ ನೋಟ್ ಪುಸ್ತಕದಿಂದ ಹಾಳೆ ಹರಿದು ಬರೆಯುತ್ತಿದ್ದೇನೆ. ನೀವು ಮಾಷ್ಟ್ರಾಗಿದ್ದವರು, ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ.

ವಿಷಯ ಇಷ್ಟೇ. ನಾವು ಈ ಊರು ಬಿಡುತ್ತೇವೆ. ನನ್ನ ಮಗ ಇರ್ಷಾದ್ ತೀರಿಹೋಗಿ ಈ ಜುಲೈಗೆ ಎರಡು ವರ್ಷ. ಜ್ವರ ಏರಿದ ಮಗುವನ್ನು ಧರ್ಣಪ್ಪಣ್ಣನ ಓಮ್ನಿ ವ್ಯಾನಿನಲ್ಲಿ ಮಲಗಿಸಿಕೊಂಡು ಮಂಗಳೂರಿಗೆ ಹೊರಟ ದಾರಿ ಎಷ್ಟು ಉದ್ದ ಇತ್ತು ಎಂದು ನನಗೆ ಗೊತ್ತು. ಫರ್ಹಾನಳಿಗೆ ಸಣ್ಣ ಕೆಮ್ಮು ಬಂದರೂ ನಾನು ಆ ದಾರಿಯನ್ನು ಮನಸ್ಸಿನಲ್ಲೇ ಅಳೆಯಲು ಶುರುಮಾಡುತ್ತೇನೆ. ಹೀಗೆ ಬದುಕಲು ನನ್ನಿಂದ ಆಗುವುದಿಲ್ಲ. ನಿಮ್ಮ ಅಳಿಯನೂ ಒಪ್ಪಿದ್ದಾರೆ. ವೈರಿಂಗ್ ಕೆಲಸ ಎಲ್ಲಿ ಹೋದರೂ ಉಂಟಲ್ಲ.

ಒಪ್ಪದೆ ಇರುವುದು ಎಲ್ಲಿಗೆ ಎನ್ನುವುದರಲ್ಲಿ. ಅವರಿಗೆ ಬಂಟ್ವಾಳದ ಕಡೆ, ಬಿ.ಸಿ. ರೋಡು ಪೇಟೆ ಆಗಬೇಕು. ನನಗೆ ಮೂಡುಬಿದಿರೆ. ಅಲ್ಲಿ ಶಾಲೆ ಹತ್ತಿರ, ನೀವೂ ಉಮ್ಮನೂ ಶಿರ್ತಾಡಿಯಲ್ಲೇ ಇದ್ದೀರಿ, ಆಸ್ಪತ್ರೆಗಳೂ ಉಂಟು. ಇಷ್ಟು ಹೇಳಿದರೆ ಅವರು "ಹೂಂ, ನೋಡುವ" ಎನ್ನುತ್ತಾರೆ. ನೋಡುವ ಎಂದರೆ ಆಗುವುದಿಲ್ಲ ಎಂದು ಅರ್ಥ, ಹದಿನೈದು ವರ್ಷದಿಂದ ಕೇಳುತ್ತಿದ್ದೇನೆ. ಜೂನ್ ಒಳಗೆ ಫರ್ಹಾನಳನ್ನು ಎಂಟನೆಯ ತರಗತಿಗೆ ಸೇರಿಸಬೇಕು. ನೀವು ಅಲ್ಲಿ ಒಂದೆರಡು ಮನೆ ನೋಡಿಡಿ. ಒಳ್ಳೆಯ ಮನೆ ಕಣ್ಣಿಗೆ ಬಿದ್ದರೆ ಅವರ ಮನಸ್ಸು ತಿರುಗಬಹುದು.

ನನಗೆ ತುಂಬಾ ಸುಸ್ತಾಗಿದೆ ಉಪ್ಪ. ಮನೆ ಕಟ್ಟುವವರಿಗೂ ಇಷ್ಟು ಸುಸ್ತಾಗಲಿಕ್ಕಿಲ್ಲ.

ನಿಮ್ಮ ಮಗಳು,
ಸಾಲಿಹಾ


ಶಿರ್ತಾಡಿ
21 ಫೆಬ್ರವರಿ 2025

ಮಗಳೇ ಸಾಲಿಹಾ, ಸಲಾಂ.

ನಿನ್ನ ಕಾಗದ ಬರಲು ತೆಗೆದುಕೊಂಡ ಹೊತ್ತಿನಲ್ಲಿ ನೀನು ಚಾರ್ಮಾಡಿಯಿಂದ ಇಲ್ಲಿಗೆ ನಡೆದೇ ಬಂದು ಊಟ ಮಾಡಿ ಮಲಗಬಹುದಿತ್ತು. ತಪ್ಪು ತಿದ್ದುವುದಿಲ್ಲ, ಹೆದರಬೇಡ. ಪೂರ್ಣವಿರಾಮಗಳನ್ನು ಮಾತ್ರ ನಿನ್ನ ಉಮ್ಮ ಬೀಯಮ್ಮ ಪಲ್ಯಕ್ಕೆ ಉಪ್ಪು ಹಾಕುವ ಹಾಗೆ ಹಾಕಿದ್ದಿ. ಮನಸ್ಸು ಬಂದಲ್ಲಿ ಉಂಟು, ಬೇಕಾದಲ್ಲಿ ಇಲ್ಲ.

ಮನೆ ನೋಡುವ ಕೆಲಸ ನನಗೆ ಒಪ್ಪಿಸಿದ್ದು ಒಳ್ಳೆಯದಾಯಿತು. ಪೆನ್ಷನ್ ಎಣಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮೊದಲನೆಯ ಮನೆಯ ಯಜಮಾನಿ ಗೋಡೆಗೆ ಒಂದು ಮೊಳೆಯೂ ಹೊಡೆಯಬಾರದು ಎಂದು ಕೈಸನ್ನೆ ಮಾಡಿ ಹೇಳಿದರು. ಅಳಿಯ ವೈರಿಂಗಿನವನು ಎಂದು ನಾನು ಬಾಯಿ ಬಿಡಲಿಲ್ಲ. ಎರಡನೆಯದು ಮಹಡಿಯ ಮೇಲೆ. ಕೆಳಗೆ ಜಿಮ್ಮು. ಕಿವುಡನಾದ ನನಗೇ ಕಾಲಡಿಯಲ್ಲಿ ಗುಡುಗಿದ ಹಾಗಾಯಿತು.

ಮೂರನೆಯದು ಆಗಬಹುದು. ಹಂಚಿನ ಮನೆ, ಎರಡು ಕೋಣೆ, ಹಿಂದೆ ಬಾವಿ, ನೀರು ಕುಡಿದು ನೋಡಿದೆ, ಸಿಹಿ. ಹಿತ್ತಲಲ್ಲಿ ಹಲಸಿನ ಮರ ಉಂಟು. ಶಾಲೆಗೆ ನಡೆದು ಹೋಗಬಹುದು, ಮಸೀದಿಯೂ ಹತ್ತಿರ. ಜಗಲಿಯಲ್ಲಿ ತನ್ನ ಕುರ್ಚಿ ಎಲ್ಲಿಡಬೇಕೆಂದು ನಿನ್ನ ಉಮ್ಮ ಈಗಾಗಲೇ ತೀರ್ಮಾನ ಮಾಡಿಯಾಗಿದೆ. ಬಾಡಿಗೆಗೆ ಬರುವುದು ನೀವೋ ಅವಳೋ ಎಂದು ಯಜಮಾನನಿಗೆ ಸಂಶಯ ಬಂದಿರಬೇಕು.

ಅಳಿಯನನ್ನು ಕರೆದುಕೊಂಡು ಬಾ. ಬಂಟ್ವಾಳದಲ್ಲಿ ಏನುಂಟಂತೆ? ಮಳೆಗಾಲದಲ್ಲಿ ನೇತ್ರಾವತಿ ಹೊಳೆಯೇ ಪೇಟೆಗೆ ಸಾಮಾನು ಕೊಳ್ಳಲು ಬರುತ್ತದೆ. ನೀನು ನಮ್ಮ ಹತ್ತಿರ ಬಂದರೆ ನಮಗೆ ಸಂತೋಷ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀನು ಮೂಡುಬಿದಿರೆ ಎನ್ನುವುದು ನಮಗಾಗಿ ಅಲ್ಲ ಎಂದು ಕಾಗದ ಓದಿದಾಗ ಅನಿಸಿತು. ಬೇರೇನೋ ಉಂಟು. ಬೇಕಾದರೆ ಹೇಳು.

ದುಆಗಳೊಂದಿಗೆ,
ಉಪ್ಪ


ಚಾರ್ಮಾಡಿ
14 ಮಾರ್ಚ್ 2025

ಪ್ರೀತಿಯ ಉಪ್ಪನಿಗೆ ಸಲಾಂ.

ಉಪವಾಸದಲ್ಲಿ ಬಸ್ಸು ಹತ್ತಿ ಇಳಿದು ಅಲ್ಲಿಗೆ ಬಂದದ್ದು ನೀರಲ್ಲಿ ಹೋಮ ಮಾಡಿದ ಹಾಗಾಯಿತು. ನೀವು ತೋರಿಸಿದ ಮನೆ ನನಗೆ ಇಷ್ಟವಾಯಿತು. ಅವರು ನಿಮ್ಮೆದುರು ಬಾವಿಗೆ ಇಣುಕಿದರು, ಸ್ವಿಚ್ಚುಗಳನ್ನು ಒತ್ತಿ ನೋಡಿದರು, ತಲೆಯಾಡಿಸಿದರು. ವಾಪಸು ಮನೆಗೆ ಮುಟ್ಟಿದ ಮೇಲೆ ಚಪ್ಪಲಿ ಬಿಚ್ಚುತ್ತಾ ಹೇಳಿದರು: "ಮನೆ ಒಳ್ಳೆದುಂಟು. ಆದರೆ ಗುರುವಾಯನಕೆರೆಯಲ್ಲಿ ಇಳಿದು ಬಸ್ ಬದಲಿಸಬೇಕಲ್ಲ."

"ಎಲ್ಲಿಗೆ ಹೋಗ್ಲಿಕ್ಕೆ?" ಎಂದು ಕೇಳಿದೆ. "ಬಿಟ್ಟು ಹೋದ ಊರಿಗೆ ಮತ್ತೆ ಮತ್ತೆ ಯಾರು ಬರ್ತಾರೆ?"

ಅವರು ಕಾಲು ತೊಳೆಯಲು ಹೋದರು. ಒಂದು ಬಸ್ಸು ಬದಲಿಸುವ ಸೋಮಾರಿತನಕ್ಕೆ ಅಷ್ಟು ಒಳ್ಳೆಯ ಮನೆಯನ್ನು ಬಿಡುವವರನ್ನು ನಾನು ಬೇರೆ ನೋಡಿಲ್ಲ. ಸಿಟ್ಟು ಬಂತು. ಮರುವಾರ ಅವರು ಬಿ.ಸಿ. ರೋಡಿನಲ್ಲಿ ತೋರಿಸಿದ ಮನೆಯಲ್ಲಿ ನಾನೂ ತಪ್ಪು ಹುಡುಕಿದೆ. ಮೆಟ್ಟಿಲು ಕಡಿದು ಎಂದೆ, ಅಡುಗೆಮನೆಗೆ ಬೆಳಕಿಲ್ಲ ಎಂದೆ, ನೀರು ಕೆಂಪು ಎಂದೆ. ನೀರು ಕೆಂಪಿರಲಿಲ್ಲ ಉಪ್ಪ. ಉಪವಾಸದಲ್ಲಿ ಸುಳ್ಳು ಹೇಳಿದೆ.

ನೀವು ಕೇಳಿದಿರಲ್ಲ, ಹೇಳುತ್ತೇನೆ. ಉಮ್ಮನಿಗೆ ಹೇಳಬೇಡಿ, ನಿಮ್ಮ ಅಳಿಯನಿಗಂತೂ ಬೇಡವೇ ಬೇಡ.

ಇರ್ಷಾದ್ ಆಸ್ಪತ್ರೆಯಲ್ಲಿ ಹೋದ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಬಂಟ್ವಾಳ ಬೈಪಾಸಿನಲ್ಲಿ ರಸ್ತೆ ಬದಿಗೆ ಒಂದು ಗೋಳಿಮರ ಉಂಟು. ಮಗು ನೀರು ಕೇಳಿತು. ಧರ್ಣಪ್ಪಣ್ಣ ಮರದಡಿ ವ್ಯಾನು ನಿಲ್ಲಿಸಿ ಅಂಗಡಿಗೆ ಓಡಿದರು. ಅವರು ಬಾಟಲಿ ಹಿಡಿದು ಬರುವಷ್ಟರಲ್ಲಿ ನನ್ನ ಮಡಿಲಲ್ಲಿ ಎಲ್ಲ ಮುಗಿದಿತ್ತು. ನನಗೆ ಗೊತ್ತಾಯಿತು. "ನೀರು ಬೇಡ, ಬೇಗ ಹೋಗುವ" ಎಂದೆ. ಅವನ ಕಾಲಿಗೆ ಶಾಲು ಹೊದಿಸಿ ಮಂಗಳೂರಿನವರೆಗೂ ಉಜ್ಜುತ್ತಾ ಕುಳಿತೆ. ಡಾಕ್ಟರು ಹೇಳುವವರೆಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ವ್ಯಾನು ತಿರುಗಿಸಬೇಕಾಗುತ್ತಿತ್ತು.

ಇವರು ಆ ದಿನ ಘಾಟಿಯ ಮೇಲೆ ಕೊಟ್ಟಿಗೆಹಾರದಲ್ಲಿ ಕೆಲಸದಲ್ಲಿದ್ದರು. ಅವರು ಆಸ್ಪತ್ರೆ ಮುಟ್ಟುವಾಗ ಮಗುವಿಗೆ ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಮಗ ಕೊನೆಗೆ ನೀರು ಕೇಳಿ, ಸಿಗದೆ ಹೋದ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?

ಬಿ.ಸಿ. ರೋಡಿನಲ್ಲಿ ಮನೆ ಮಾಡಿದರೆ ದಿನಾ ಆ ಮರದ ಎದುರು ಹಾದುಹೋಗಬೇಕು. ಅದು ನನ್ನಿಂದ ಆಗುವುದಿಲ್ಲ.

ಸಾಲಿಹಾ


ಶಿರ್ತಾಡಿ
5 ಏಪ್ರಿಲ್ 2025

ಮಗಳೇ, ಸಲಾಂ.

ಹಬ್ಬ ಮುಗಿಯಲಿ ಎಂದು ಕಾದೆ. ನಿನ್ನ ಕಾಗದವನ್ನು ಬಹಳ ಸಲ ಓದಿದೆ. ನಿನ್ನ ಉಮ್ಮ "ಏನು ಬರೆದಿದ್ದಾಳೆ?" ಎಂದು ಬರೆದು ತೋರಿಸಿದಾಗ "ಮೆಟ್ಟಿಲು ಕಡಿದಂತೆ" ಎಂದೆ. ಅದು ಸುಳ್ಳಲ್ಲವಲ್ಲ.

ಇದನ್ನೆಲ್ಲ ಇಷ್ಟು ದಿನ ಒಬ್ಬಳೇ ಹೇಗೆ ಹೊತ್ತೆ? ನಾನು ಹತ್ತಿರ ಇದ್ದಿದ್ದರೆ ಎಂದು ಬರೆಯಲು ಹೊರಟೆ. ಇದ್ದರೂ ನನಗೆ ಕೇಳಿಸುತ್ತಿರಲಿಲ್ಲ.

ನೀನು ಬಿ.ಸಿ. ರೋಡಿಗೆ ಹೋಗಕೂಡದು. ಅಳಿಯ "ನೋಡುವ, ನೋಡುವ" ಎನ್ನುತ್ತಾ ಮಳೆಗಾಲದವರೆಗೆ ಎಳೆಯುತ್ತಾನೆ. ಅದಕ್ಕೆ ನಾನೇ ಒಂದು ಕೆಲಸ ಮಾಡಿದ್ದೇನೆ. ಇಲ್ಲಿನ ಮಸೀದಿಯ ಜಮಾಅತಿಗೆ ಹೊಸ ಮನೆಯವರು ಸೇರಬೇಕಾದರೆ ಹಳೆಯ ಜಮಾಅತಿನಿಂದ ಬಿಡುಗಡೆಯ ಪತ್ರ ಬೇಕು. ಮಗಳ ನಿಕಾಹ್ ಇರಲಿ, ನಾಳೆ ನಮ್ಮನ್ನು ಮಣ್ಣು ಮಾಡುವುದಿರಲಿ, ಎಲ್ಲದಕ್ಕೂ ಹೆಸರು ಬೇಕಲ್ಲ. ಅಲೆದಾಡಿಸುವ ಕೆಲಸ ಅದೊಂದೇ. ನಿಮ್ಮ ಮಸೀದಿಯ ಸೆಕ್ರೆಟರಿಗೆ ನಾನೇ ಬರೆದು ಹಾಕಿದೆ, ನನ್ನ ಅಳಿಯ ಉನೈಸನ ಮನೆಯವರು ಮೂಡುಬಿದಿರೆಗೆ ಬರುತ್ತಾರೆ, ದಯವಿಟ್ಟು ಪತ್ರ ತಯಾರಿಸಿಡಿ ಎಂದು. ದಾರಿ ಸರಿಯಾದರೆ ಗಾಡಿ ತಾನೇ ಬರುತ್ತದೆ.

ಹಲಸಿನ ಮನೆಯ ಯಜಮಾನ ಈ ತಿಂಗಳು ಕಾಯುತ್ತಾನೆ.

ನಿನ್ನ ಉಪ್ಪ,
ಮೊಯಿದಿನಬ್ಬ


ಚಾರ್ಮಾಡಿ
19 ಏಪ್ರಿಲ್ 2025

ಮಾವನವರಿಗೆ ಉನೈಸ್ ಮಾಡುವ ಸಲಾಂ.

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ಮನ್ನಿಸಬೇಕು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದನ್ನೂ ಮನ್ನಿಸಬೇಕು.

ನಿನ್ನೆ ಜುಮಾ ನಮಾಜು ಮುಗಿಸಿ ಹೊರಗೆ ಬರುವಾಗ ಸೆಕ್ರೆಟರಿಯವರು ಎಲ್ಲರ ಎದುರಿಗೇ ಕೇಳಿದರು, "ಏನು ಉನೈಸ್, ನಮ್ಮನ್ನು ಬಿಟ್ಟು ಹೋಗುದಾ? ನಿನ್ನ ಮಾವ ಬರೆದಿದ್ದಾರೆ. ಪತ್ರ ರೆಡಿ ಉಂಟು, ಸೈನ್ ಹಾಕಿ ತಗೊಂಡು ಹೋಗು ಮಾರಾಯ." ನಾನು ಚಪ್ಪಲಿ ಹುಡುಕುವವನ ಹಾಗೆ ತಲೆ ತಗ್ಗಿಸಿ ನಿಂತೆ. ಸೈನ್ ಹಾಕಲಿಲ್ಲ. ಹಾಕುವುದೂ ಇಲ್ಲ.

ನೀವು ಒಳ್ಳೆಯದಕ್ಕೇ ಮಾಡಿದ್ದೀರಿ. ಆದರೆ ಈ ಜಮಾಅತಿನಿಂದ ನನ್ನ ಹೆಸರು ತೆಗೆದರೆ ನಾನು ಸತ್ತಾಗ ನನ್ನನ್ನು ನಿಮ್ಮ ಕಡೆ ಮಣ್ಣು ಮಾಡುತ್ತಾರೆ. ಇರ್ಷಾದ್ ಇಲ್ಲಿ ಒಬ್ಬನೇ ಆಗುತ್ತಾನೆ. ಅವನ ಪಕ್ಕದಲ್ಲಿ ನನಗೆ ಜಾಗ ಉಂಟು ಎಂದು ನಾನು ನೋಡಿಟ್ಟುಕೊಂಡಿದ್ದೇನೆ. ಬದುಕಿರುವವನು ಇಂಥದ್ದೆಲ್ಲ ನೋಡಿಡಬಾರದು ಎಂದು ನೀವು ಹೇಳಬಹುದು.

ಮಗು ಹೋಗುವಾಗ ನಾನು ಹತ್ತಿರ ಇರಲಿಲ್ಲ. ಘಾಟಿಯಲ್ಲಿ ಲಾರಿ ಅಡ್ಡ ನಿಂತಿತ್ತು, ಇಳಿದು ಓಡಿದೆ, ಬೈಕಿನವನೊಬ್ಬ ಕೂರಿಸಿಕೊಂಡ, ಆದರೂ ಇರಲಿಲ್ಲ. ಈಗ ಪ್ರತಿ ಶುಕ್ರವಾರ ಜುಮಾ ಆದ ಮೇಲೆ ಅವನ ಕಬರಿನ ಹತ್ತಿರ ಇರುತ್ತೇನೆ. ಕುರ್‌ಆನಿನ ಯಾಸೀನ್ ಓದುತ್ತೇನೆ. ಆಮೇಲೆ ಸುಮ್ಮನೆ ಆ ವಾರದ ಸುದ್ದಿ ಹೇಳುತ್ತೇನೆ, ಎಲ್ಲಿ ಕೆಲಸ ಮಾಡಿದೆ, ಫರ್ಹಾನ ಏನು ಜಗಳ ಮಾಡಿದಳು ಎಂದೆಲ್ಲ. ತಲೆಯ ಹತ್ತಿರ ನೆಟ್ಟ ಮದರಂಗಿ ಗಿಡ ಈಗ ನನ್ನ ಸೊಂಟಕ್ಕೆ ಬಂದಿದೆ. ಅವನು ಇದ್ದಿದ್ದರೆ ಅವನೂ ಸುಮಾರು ಅಷ್ಟೇ ಇರುತ್ತಿದ್ದ.

ಇದು ಸಾಲಿಹಾಗೆ ಗೊತ್ತಿಲ್ಲ. ಶುಕ್ರವಾರ ಮಸೀದಿಯಲ್ಲಿ ಮಾತಾಡುತ್ತಾ ನಿಲ್ಲುತ್ತೇನೆ ಎಂದುಕೊಂಡಿದ್ದಾಳೆ. ನಮ್ಮಲ್ಲಿ ಹೆಂಗಸರು ಕಬರಸ್ಥಾನದ ಒಳಗೆ ಹೋಗುವ ಕ್ರಮ ಇಲ್ಲ. ಅವಳು ನೋಡದ ಜಾಗದ ಸುದ್ದಿಯನ್ನು ಅವಳಿಗೆ ಹೇಳಿ ಯಾಕೆ ಅಳಿಸಲಿ? ಊರು ಬಿಡುತ್ತೇನೆ ಎಂದು ಅವಳಿಗಾಗಿ ಒಪ್ಪಿದ್ದೇನೆ. ಬಿ.ಸಿ. ರೋಡಿನಿಂದ ಚಾರ್ಮಾಡಿಗೆ ನೇರ ಬಸ್ಸು ಉಂಟು, ಒಂದೇ ರಸ್ತೆ. ಮೂಡುಬಿದಿರೆಯಿಂದ ಗುರುವಾಯನಕೆರೆಯಲ್ಲಿ ಇಳಿದು ಕಾಯಬೇಕು. ಮೊದಮೊದಲು ಕಾಯುತ್ತೇನೆ. ಮಳೆ ಬಂದಾಗ, ಕೆಲಸ ಹೆಚ್ಚಾದಾಗ ಒಂದು ವಾರ ತಪ್ಪುತ್ತದೆ, ಆಮೇಲೆ ತಿಂಗಳಿಗೊಮ್ಮೆ ಆಗುತ್ತದೆ, ಆಮೇಲೆ ಹಬ್ಬಕ್ಕೆ. ನನಗೆ ನನ್ನ ಬಗ್ಗೆಯೇ ಹೆದರಿಕೆ.

ಅವಳಿಗೆ ಹೇಳಬೇಡಿ.

ಉನೈಸ್


ಶಿರ್ತಾಡಿ
3 ಮೇ 2025

ಸಾಲಿಹಾಗೂ ಉನೈಸನಿಗೂ ಸಲಾಂ.

ಇಬ್ಬರಿಗೂ ಒಂದೇ ಕಾಗದ ಬರೆಯುತ್ತಿದ್ದೇನೆ. ಒಟ್ಟಿಗೆ ಕುಳಿತು ಓದಿ.

ಜಮಾಅತಿಗೆ ಬರೆದದ್ದು ನನ್ನ ಅಧಿಕಪ್ರಸಂಗ. ಸೆಕ್ರೆಟರಿಗೆ ಇನ್ನೊಂದು ಬರೆದು ಹಾಕಿದ್ದೇನೆ, ಮೊದಲನೆಯದನ್ನು ಹರಿದುಹಾಕಿ ಎಂದು. ಮೂವತ್ತು ವರ್ಷ ಮಕ್ಕಳ ಪರವಾಗಿ ಉತ್ತರ ಹೇಳಿ ಹೇಳಿ ಈ ಚಾಳಿ ಬಂದಿದೆ.

ನೀವಿಬ್ಬರೂ ನನಗೆ ಒಂದೊಂದು ಗುಟ್ಟು ಹೇಳಿ, ಇನ್ನೊಬ್ಬರಿಗೆ ಹೇಳಬೇಡಿ ಎಂದಿದ್ದೀರಿ. ಊರಿನಲ್ಲಿ ಇಷ್ಟು ಜನರಿರುವಾಗ ಗುಟ್ಟು ಹೇಳಲು ನಿಮಗೆ ಸಿಕ್ಕಿದ್ದು ಕಿವುಡ. ಒಂದೇ ಸೂರಿನಡಿ ಉಂಡು ಮಲಗುವ ಗಂಡ ಹೆಂಡತಿಯ ಮಾತು ಶಿರ್ತಾಡಿ ಪೋಸ್ಟಾಫೀಸಿನ ಮೂಲಕ ಹೋಗಬೇಕೆ? ನನಗೆ ಎಪ್ಪತ್ತಾರು ವಯಸ್ಸು. ಇಷ್ಟು ಭಾರ ಹೊರಲು ನನ್ನಿಂದ ಆಗುವುದಿಲ್ಲ. ಊಟ ಸೇರುತ್ತಿಲ್ಲ. ನಿನ್ನ ಉಮ್ಮ ನನಗೆ ಹೊಟ್ಟೆಹುಳ ಎಂದು ಕಷಾಯ ಕುಡಿಸುತ್ತಿದ್ದಾಳೆ.

ನಾನು ಯಾರಿಗೂ ಏನೂ ಹೇಳುವುದಿಲ್ಲ. ಮಾತು ಕೊಟ್ಟಾಗಿದೆ. ಆದರೆ ಸಾಲಿಹಾ, ನನಗೆ ಬರೆದದ್ದನ್ನು ಅವನಿಗೆ ಹೇಳು. ಉನೈಸ್, ನನಗೆ ಬರೆದದ್ದನ್ನು ಅವಳಿಗೆ ಹೇಳು. ಬಾವಿಯ ನೀರು, ಮೆಟ್ಟಿಲು, ಬಸ್ಸು, ಇವುಗಳ ಮೇಲೆ ತಪ್ಪು ಹೊರಿಸಿದ್ದು ಸಾಕು. ಆಮೇಲೆ ಯಾವ ಊರು ಎಂದು ತೀರ್ಮಾನಿಸಿ. ಮೂಡುಬಿದಿರೆಯೇ ಆಗಬೇಕೆಂದು ಇನ್ನು ನಾನು ಹೇಳುವುದಿಲ್ಲ. ಹಲಸಿನ ಮನೆಯನ್ನು ಬೇರೆಯವರಿಗೆ ಕೊಡಲು ಹೇಳಿದ್ದೇನೆ. ಬೀಯಮ್ಮನ ಕುರ್ಚಿ ಇಲ್ಲೇ ಇರಲಿ.

ದುಆಗಳೊಂದಿಗೆ,
ನಿಮ್ಮಿಬ್ಬರ ಉಪ್ಪ


ಚಾರ್ಮಾಡಿ
27 ಮೇ 2025

ಪ್ರೀತಿಯ ಉಪ್ಪನಿಗೆ ಸಲಾಂ.

ಸಾಮಾನು ಕಟ್ಟುತ್ತಿದ್ದೇವೆ, ಎರಡೇ ಸಾಲು ಬರೆಯುತ್ತೇನೆ. ಬಿ.ಸಿ. ರೋಡಿಗೆ ಹೋಗುತ್ತೇವೆ. ಅವರ ಹಟ ಅಲ್ಲ, ನಾನೇ ಹೇಳಿದ್ದು. ಫರ್ಹಾನಳಿಗೆ ಶಾಲೆಯಲ್ಲಿ ಸೀಟು ಸಿಕ್ಕಿದೆ. ಉಮ್ಮನಿಗೆ ನೀವೇ ಹೇಗಾದರೂ ಹೇಳಿ. ಅಳುತ್ತಾರೆ, ಗೊತ್ತು.

ಸಾಲಿಹಾ


ಬಿ.ಸಿ. ರೋಡು
4 ಜುಲೈ 2025

ಪ್ರೀತಿಯ ಉಪ್ಪನಿಗೆ ಸಲಾಂ.

ಮನೆ ಇನ್ನೂ ಮನೆಯಾಗಿಲ್ಲ. ಪಾತ್ರೆಗಳು ಗೋಣಿಯಲ್ಲೇ ಉಂಟು, ಬೇಕಾದಾಗ ಕೈಹಾಕಿ ಹುಡುಕುತ್ತೇವೆ. ಮೆಟ್ಟಿಲು ನಿಜವಾಗಿಯೂ ಕಡಿದು. ಫರ್ಹಾನಳಿಗೆ ಶಾಲೆ ಹಿಡಿಸಿದೆ, ಆದರೆ ಹಿಡಿಸಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಯಾರ ಹಾಗೆ ಎಂದು ನೀವೇ ಹೇಳಿ.

ನಾನು ಯಾಕೆ ಮನಸ್ಸು ಬದಲಿಸಿದೆ ಎಂದು ನೀವು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಓದಿದ ಮೇಲೂ ನಾವು ಮಾತಾಡಲಿಲ್ಲ. ಅದನ್ನು ಫ್ರಿಜ್ಜಿನ ಮೇಲಿಟ್ಟು ಒಂದು ವಾರ ಅದರ ಸುತ್ತ ಓಡಾಡಿದೆವು. ಆಮೇಲೆ ಒಂದು ಭಾನುವಾರ ಇಲ್ಲಿಯದೇ ಇನ್ನೊಂದು ಮನೆ ನೋಡಿ ವಾಪಸು ಹೋಗಲು ಬೈಪಾಸಿನಲ್ಲಿ ಬಸ್ಸಿಗೆ ನಿಂತೆವು. ಚಾರ್ಮಾಡಿಯ ಬಸ್ಸು ನಿಲ್ಲುವ ಜಾಗಕ್ಕೆ ಸರಿಯಾಗಿ ಎದುರಿಗೆ, ರಸ್ತೆಯ ಆಚೆ, ಆ ಗೋಳಿಮರ. ನಾನು ಮರಕ್ಕೆ ಬೆನ್ನು ಹಾಕಿ ನಿಂತಿದ್ದೆ. ಅವರು "ಬಿಸಿಲು, ಆಚೆ ಮರದಡಿ ನಿಲ್ಲುವ, ಬಸ್ ಬರುವಾಗ ದಾಟುವ" ಎಂದರು.

"ಅಲ್ಲಿಯೇ" ಎಂದೆ.

"ಅಲ್ಲಿ ಏನು?"

ಹೇಳಿದೆ. ನೀರು ಕೇಳಿದ್ದನ್ನೂ ಹೇಳಿದೆ. ಮುಚ್ಚಿಡಲು ಶಕ್ತಿ ಇರಲಿಲ್ಲ, ಅಷ್ಟೇ. ಅವರು ರಸ್ತೆ ದಾಟಿ ಹೋದರು, ನನ್ನನ್ನು ಕರೆಯಲೂ ಇಲ್ಲ. ಮರದ ಕೆಳಗೆ, ವ್ಯಾನು ನಿಂತಿದ್ದ ಕಡೆಯೇ ಇರಬೇಕು ಎನ್ನುವ ಹಾಗೆ ನೆಲ ನೋಡುತ್ತಾ ನಿಂತರು. ನಮ್ಮ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ವಾಪಸು ಬಂದಾಗ ಮುಖ ಒದ್ದೆಯಾಗಿತ್ತು. ಆಗ ಮದರಂಗಿ ಗಿಡದ ಸುದ್ದಿ ಹೇಳಿದರು, ಶುಕ್ರವಾರದ ಸುದ್ದಿ ಹೇಳಿದರು. ನಾನು ಕೇಳುತ್ತಾ ಹೋದೆ. ಗಿಡದಲ್ಲಿ ಹೂವಾಗಿದೆಯೇ, ನೆರಳು ಉಂಟೇ, ಪಕ್ಕದಲ್ಲಿ ಯಾರಿದ್ದಾರೆ ಎಂದು. ಎಲ್ಲದಕ್ಕೂ ಉತ್ತರ ಕೊಟ್ಟರು. ಹದಿನೈದು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದಿಲ್ಲ.

ಕೊನೆಗೆ ಅವರೇ ಹೇಳಿದರು, "ಬೇಡ ಸಾಲಿಹಾ. ಮೂಡಬಿದ್ರೆಗೇ ಹೋಗುವ. ನಾನು ಬಸ್ ಬದಲಿಸ್ತೇನೆ. ತಪ್ಪಿಸುದಿಲ್ಲ."

ಉಪ್ಪ, ಇಷ್ಟು ತಿಂಗಳು ಆ ಒಂದು ಮಾತಿಗೆ ಹಟ ಹಿಡಿದು ಕೂತವಳು ನಾನು. ಅದು ಸಿಕ್ಕಿದ ಕೂಡಲೇ ನನಗೆ ಬೇಡವಾಯಿತು. ಅವರಿಗೆ ಹೋಗಿ ಕುಳಿತುಕೊಳ್ಳಲು ಒಂದು ಜಾಗ ಉಂಟು. ನನಗೆ ಆ ಗೇಟಿನ ಒಳಗೆ ಹೋಗುವ ಹಾಗಿಲ್ಲ. ಮಗು ನನ್ನ ಜೊತೆ ಕೊನೆಗೆ ಇದ್ದ ಜಾಗ ಇದೊಂದೇ. ಅದನ್ನೂ ಬಿಟ್ಟು ಮೂಡುಬಿದಿರೆಗೆ ಓಡಿದರೆ ನನಗೆ ಏನು ಉಳಿಯುತ್ತದೆ? "ಮೆಟ್ಟಿಲು ಕಡಿದಾದ ಮನೆಯೇ ಇರಲಿ" ಎಂದೆ. ಅವರಿಗೆ ಅರ್ಥವಾಯಿತು.

ಸುಸ್ತು ಹೋಗಿಲ್ಲ. ಹೋಗುತ್ತದೆ ಎಂದು ಯಾರೂ ಹೇಳಲೂ ಇಲ್ಲ. ಆ ಮರದ ಎದುರು ಹಾದುಹೋಗುವಾಗ ಈಗಲೂ ಮುಖ ತಿರುಗಿಸಬೇಕು ಅನಿಸುತ್ತದೆ, ಆದರೆ ಕಣ್ಣು ಮುಚ್ಚುವುದಿಲ್ಲ.

ಇವತ್ತು ಶುಕ್ರವಾರ. ಬೆಳಿಗ್ಗೆ ಕೆಲಸ ಬೇಗ ಮುಗಿಸಿ ಅವರು ಹೊರಟರು, ನಾನೂ ಸ್ಟಾಪಿನವರೆಗೆ ಹೋದೆ. ಈಗ ಪ್ರತಿ ವಾರ ಹಾಗೆ. ಇರ್ಷಾದ್‌ಗೆ ಏನಾದರೂ ಹೇಳಿ ಕಳಿಸುತ್ತೇನೆ. ಇವತ್ತು, ಫರ್ಹಾನ ಲೆಕ್ಕದಲ್ಲಿ ಕ್ಲಾಸಿಗೆ ಮೊದಲು ಬಂದಿದ್ದಾಳೆ ಎಂದು ಹೇಳಿ ಎಂದೆ. "ಹೇಳ್ತೇನೆ" ಎಂದು ಬಸ್ಸು ಹತ್ತಿದರು. ಬಸ್ಸು ಮುಂದೆ ಸರಿದಾಗ ಅದರ ಹಿಂದಿನಿಂದ ಗೋಳಿಮರ ಕಾಣಿಸಿತು. ನಾನು ಅಲ್ಲೇ ನಿಂತೆ.

ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಬಸ್ಸು ಬಂದು ಎದುರಿಗೆ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಎಲ್ಲಿಗೆ ಅಕ್ಕ? ಬೇಗ ಹತ್ತಿ, ಲೇಟಾಗ್ತದೆ" ಎಂದ.

"ಎಲ್ಲಿಗೂ ಇಲ್ಲ. ನೀವು ಹೋಗಿ" ಎಂದೆ.

ಅವನು ಒಂದು ಸಲ ನನ್ನನ್ನು ವಿಚಿತ್ರವಾಗಿ ನೋಡಿ ಸಿಳ್ಳೆ ಊದಿದ. ಬಸ್ಸು ಹೋಯಿತು. ನಾನು ರಸ್ತೆ ದಾಟಿ ಮರದಡಿ ಸ್ವಲ್ಪ ಹೊತ್ತು ಕುಳಿತೆ. ಆಮೇಲೆ ಅಂಗಡಿಯಿಂದ ಒಂದು ಬಾಟಲಿ ನೀರು ತೆಗೆದುಕೊಂಡು ಬಂದು ಆ ಮರದ ಬುಡಕ್ಕೆ ಹೊಯ್ದು ಮನೆಗೆ ಬಂದೆ.

ನಿಮ್ಮ ಸಾಲಿಹಾ